ಕೀಲಿಯಿಂದ ಅಕ್ಷರಕ್ಕೆ: ಕಾರ್ಯಾಚರಣ ವ್ಯವಸ್ಥೆಯಲ್ಲಿ ಇಂಟರಪ್ಟ್‌ಗಳ ನಿರ್ವಹಣೆ ಮತ್ತು ಕನ್ನಡ ಬರವಣಿಗೆ

1. ಪ್ರಸ್ತಾವನೆ

ಗಣಕಯಂತ್ರ ಮತ್ತು ಕನ್ನಡ ಎಂಬ ವಿಷಯವನ್ನು ಕುರಿತ ಬರಹಗಳು ಬಹುಮಟ್ಟಿಗೆ ಮೂರು ಸಂಗತಿಗಳ ಸುತ್ತ ಬೆಳೆದಿವೆ. ಅಕ್ಷರ ವಿನ್ಯಾಸ, ಸಂಕೇತೀಕರಣ ಹಾಗೂ ಕೀಲಿಮಣೆ ವಿನ್ಯಾಸಗಳೇ ಆ ಮೂರು ಸಂಗತಿಗಳು. ಕೆ.ಪಿ. ರಾವ್ ಅವರು ರೂಪಿಸಿದ ಧ್ವನ್ಯಾತ್ಮಕ ಕೀಲಿಮಣೆ ವಿನ್ಯಾಸವನ್ನು ಕರ್ನಾಟಕ ಸರ್ಕಾರವು ಮಾನಕವಾಗಿ ಅಂಗೀಕರಿಸಿದ್ದು, ಕನ್ನಡ ಗಣಕ ಪರಿಷತ್ತಿನ 'ನುಡಿ' ಮತ್ತು ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶಗಳು ಜನಬಳಕೆಗೆ ಬಂದದ್ದು, 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಒಂದು ವಿಭಾಗ ದೊರೆತದ್ದು - ಇವು ಈ ಚರ್ಚೆಯ ಪರಿಚಿತ ಮೈಲಿಗಲ್ಲುಗಳು. ಆದರೆ ಕೀಲಿಯನ್ನು ಒತ್ತಿದ ಬೆರಳಿಗೂ ಪರದೆಯ ಮೇಲೆ ಮೂಡುವ ಅಕ್ಷರಕ್ಕೂ ನಡುವೆ ಇನ್ನೂ ಕೆಳಗಿನ ಒಂದು ಹಂತವಿದೆ. ಆ ಹಂತದಲ್ಲಿ ಕನ್ನಡವೂ ಇಲ್ಲ, ಇಂಗ್ಲಿಷೂ ಇಲ್ಲ. ಇರುವುದು ವಿದ್ಯುತ್ ಸಂಕೇತಗಳು ಮತ್ತು ಅವುಗಳನ್ನು ಸ್ವೀಕರಿಸುವ 'ಡಿವೈಸ್ ಡ್ರೈವರ್' ಎಂಬ ಸಣ್ಣ ತಂತ್ರಾಂಶಗಳು ಮಾತ್ರ. ಅಲ್ಲಿ ಒಂದು ಸಂಕೇತ ಕಳೆದುಹೋದರೆ ಮೇಲಿನ ಹಂತಗಳಲ್ಲಿ ಎಷ್ಟು ಜಾಣ್ಮೆಯಿದ್ದರೂ ಅದನ್ನು ಮರಳಿ ಪಡೆಯಲಾಗದು.

ಪ್ರಸ್ತುತ ಲೇಖನದಲ್ಲಿ, ಏಕಕಾಲಕ್ಕೆ ಹಲವು ಯಂತ್ರಾಂಶಗಳಿಂದ ಬರುವ ಇಂಟರಪ್ಟ್‌ಗಳನ್ನು ಕಾರ್ಯಾಚರಣ ವ್ಯವಸ್ಥೆ ಹಾಗೂ ಅದರ ಡ್ರೈವರ್‌ಗಳು ಹೇಗೆ ನಿರ್ವಹಿಸುತ್ತವೆ ಎಂಬುದನ್ನು ಒಂದು ಕನ್ನಡ ಪದದ ಬೆರಳಚ್ಚನ್ನು ನಿದರ್ಶನವಾಗಿಟ್ಟುಕೊಂಡು ವಿವರಿಸಲಾಗಿದೆ. ಜೊತೆಗೆ, ಈ ಪ್ರಕ್ರಿಯೆಯನ್ನು ಕನ್ನಡದಲ್ಲಿ ಹೆಸರಿಸುವಾಗ ಎದುರಾಗುವ ಪರಿಭಾಷೆಯ ಪ್ರಶ್ನೆಯನ್ನೂ ಎತ್ತಿಕೊಳ್ಳಲಾಗಿದೆ.

2. 'ಹುಬ್ಬಳ್ಳಿ' ಎಂಬ ಒಂದು ಪದ

2014ರ ನವೆಂಬರ್ 1ರಂದು ಅಧಿಕೃತ ಇಂಗ್ಲಿಷ್ ಬಳಕೆಯಲ್ಲಿಯೂ 'ಹುಬ್ಳಿ' ಎಂಬುದು 'ಹುಬ್ಬಳ್ಳಿ' ಆಯಿತು. ಈ ಹೆಸರನ್ನು ಕೆ.ಪಿ. ರಾವ್ ವಿನ್ಯಾಸದಲ್ಲಿ ಬೆರಳಚ್ಚಿಸುವ ಕ್ರಮ ಹೀಗಿದೆ: ಎಚ್, ಯು, ಬಿ, ಎಫ್, ಬಿ, ಶಿಫ್ಟ್‌ನೊಡನೆ ಎಲ್, ಎಫ್, ಮತ್ತೆ ಶಿಫ್ಟ್‌ನೊಡನೆ ಎಲ್, ಕೊನೆಗೆ ಐ. ಇದರಲ್ಲಿ ಎಫ್ ಕೀಲಿಯು ಹಲಂತ ಚಿಹ್ನೆಯನ್ನು ನೀಡುತ್ತದೆ. ಒತ್ತಕ್ಷರ ಮೂಡುವುದು ಅದರಿಂದಲೇ. ಎಲ್ ಕೀಲಿಯನ್ನು ಹಾಗೆಯೇ ಒತ್ತಿದರೆ 'ಲ', ಶಿಫ್ಟ್‌ನೊಡನೆ ಒತ್ತಿದರೆ 'ಳ'.

ಇಲ್ಲಿ ಒಂಬತ್ತು ಕೀಲಿಗಳೂ ಎರಡು ಸಲ ಶಿಫ್ಟ್ ಕೀಲಿಯೂ ಸೇರಿ 11 ಒತ್ತುವಿಕೆಗಳಾಗುತ್ತವೆ. ಒತ್ತಿದ ಪ್ರತಿಯೊಂದು ಕೀಲಿಯನ್ನು ಬಿಡಲೇಬೇಕು. ಗಣಕಯಂತ್ರವು ಬಿಡುವಿಕೆಯನ್ನೂ ಪ್ರತ್ಯೇಕ ಘಟನೆಯೆಂದೇ ಪರಿಗಣಿಸುವುದರಿಂದ ಒಟ್ಟು 22 ಘಟನೆಗಳು ಉಂಟಾಗುತ್ತವೆ. ಹಳೆಯ ಪಿಎಸ್/2 ಬಗೆಯ ಕೀಲಿಮಣೆಗಳಲ್ಲಿ, ಹಾಗೂ ಅದೇ ಬಗೆಯ ಒಳಸಂಪರ್ಕವನ್ನು ಉಳಿಸಿಕೊಂಡಿರುವ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ, ರೂಢಿಯ ಅನುವಾದಕ್ರಮದಂತೆ ಇಂತಹ ಪ್ರತಿ ಘಟನೆಗೂ ಒಂದು ಬೈಟ್ ಹಾಗೂ ಒಂದು ಇಂಟರಪ್ಟ್ ಸಲ್ಲುತ್ತದೆ. ಹೀಗೆ 22 ಇಂಟರಪ್ಟ್‌ಗಳಿಂದ 9 ಯೂನಿಕೋಡ್ ಸಂಕೇತಗಳೂ, ಆ ಒಂಬತ್ತು ಸಂಕೇತಗಳಿಂದ 'ಹು', 'ಬ್ಬ', 'ಳ್ಳಿ' ಎಂಬ ಮೂರು ಅಕ್ಷರಗಳೂ ಸಿದ್ಧವಾಗುತ್ತವೆ.

ಈ 22ರಲ್ಲಿ ಒಂದು ತಪ್ಪಿದರೂ ಪದ ಕೆಡಬಹುದು. ಮೊದಲ ಎಫ್ ಒತ್ತುವಿಕೆ ಕಳೆದರೆ 'ಹುಬಬಳ್ಳಿ' ಎಂದಾಗುತ್ತದೆ. ಮೊದಲ ಶಿಫ್ಟ್ ಒತ್ತುವಿಕೆ ಕಳೆದರೆ 'ಹುಬ್ಬಲ್ಳಿ' ಎಂದಾಗುತ್ತದೆ. ಶಿಫ್ಟ್ ಕೀಲಿಯನ್ನು ಬಿಟ್ಟ ಸುದ್ದಿ ತಲುಪದಿದ್ದರೆ ಮುಂದಿನ 'ಕ' ಎಲ್ಲವೂ 'ಖ' ಆಗುತ್ತಾ ಹೋಗುತ್ತವೆ. ಎಲ್ಲವೂ ತಲುಪಿ ಅನುಕ್ರಮ ಮಾತ್ರ ಬದಲಾದರೂ ಅನರ್ಥವೇ: ಮೊದಲ ಎಫ್ ಹಾಗೂ ಅದರ ನಂತರದ ಬಿ ಸ್ಥಾನಪಲ್ಲಟಗೊಂಡರೆ 'ಹುಬಬ್ಳ್ಳಿ' ಎಂಬ ಉಚ್ಚರಿಸಲಾಗದ ರೂಪ ಮೂಡುತ್ತದೆ. ರೋಮನ್ ಬರಹದಲ್ಲಿ ಒಂದು ಸಂಕೇತ ತಪ್ಪಿದರೆ ಸಾಮಾನ್ಯವಾಗಿ ಒಂದು ವರ್ಣ ಮಾತ್ರ ತಪ್ಪುತ್ತದೆ. ಕನ್ನಡದಲ್ಲಿ ಅಕ್ಷರವು ಹಲವು ಸಂಕೇತಗಳ ಸಂಯೋಗವಾದುದರಿಂದ ಒಂದು ಸಂಕೇತದ ಲೋಪವು ಅಕ್ಕಪಕ್ಕದ ಅಕ್ಷರಗಳ ರೂಪವನ್ನೂ ಒಡೆಯುತ್ತದೆ. ಆದುದರಿಂದ ಕೆಳಹಂತದ ಶಿಸ್ತು ಕನ್ನಡ ಬರವಣಿಗೆಗೆ ಹೆಚ್ಚಿನ ಮಹತ್ವದ್ದು ಎನ್ನಬಹುದು.

3. ವಿಚಾರಣೆ ಮತ್ತು ಕರೆ

ಕೀಲಿಮಣೆಯಲ್ಲಿ ಏನಾದರೂ ನಡೆದಿದೆಯೇ ಎಂಬುದನ್ನು ಸಂಸ್ಕಾರಕವು, ಅಂದರೆ ಪ್ರೊಸೆಸರ್, ತಿಳಿಯಲು ಎರಡು ದಾರಿಗಳಿವೆ. ಒಂದು, ತಾನೇ ಮತ್ತೆ ಮತ್ತೆ ಹೋಗಿ ವಿಚಾರಿಸುವುದು. ಇನ್ನೊಂದು, ಸಾಧನವೇ ತನ್ನನ್ನು ಕರೆಯುವಂತೆ ಏರ್ಪಾಡು ಮಾಡಿ ತಾನು ಬೇರೆ ಕೆಲಸದಲ್ಲಿ ತೊಡಗುವುದು. ಈ ಎರಡನೆಯ ಏರ್ಪಾಡೇ ಇಂಟರಪ್ಟ್.

ಒಬ್ಬ ನುರಿತ ಬೆರಳಚ್ಚುಗಾರ ಒಂದು ಸೆಕೆಂಡಿಗೆ ಹತ್ತು ಕೀಲಿಗಳನ್ನು ಒತ್ತುತ್ತಾನೆಂದು ಭಾವಿಸೋಣ. 3 ಗಿಗಾಹರ್ಟ್ಸ್ ವೇಗದ ಸಂಸ್ಕಾರಕದಲ್ಲಿ ಎರಡು ಒತ್ತುವಿಕೆಗಳ ನಡುವೆ 30 ಕೋಟಿ ಗಡಿಯಾರ ಮಿಡಿತಗಳು ಸಂದುಹೋಗುತ್ತವೆ. ಅಷ್ಟು ಕಾಲವನ್ನು ವಿಚಾರಣೆಯಲ್ಲಿಯೇ ಕಳೆಯುವುದು ವ್ಯರ್ಥ. ಈ ಅರಿವಿನಿಂದಲೇ 1950ರ ದಶಕದಲ್ಲಿ ಇಂಟರಪ್ಟ್ ಕಲ್ಪನೆ ರೂಪುಗೊಂಡಿತು. ಡಚ್ ಗಣಕವಿಜ್ಞಾನಿ ಡೈಕ್‌ಸ್ಟ್ರಾ ಅವರು 1959ರಲ್ಲಿ ಸಲ್ಲಿಸಿದ ಡಾಕ್ಟರೇಟ್ ಪ್ರಬಂಧವು ಎಲೆಕ್ಟ್ರೊಲಾಜಿಕಾ ಎಕ್ಸ್1 ಎಂಬ ಯಂತ್ರದಲ್ಲಿ ಇಂತಹ ಕರೆಗಳನ್ನು ನಿರ್ವಹಿಸುವ ಸಮಸ್ಯೆಯನ್ನು ಕುರಿತದ್ದಾಗಿದೆ. ಯಾವ ಕ್ಷಣದಲ್ಲಿ ಕರೆ ಬರುವುದೆಂದು ಮೊದಲೇ ಹೇಳಲಾಗದು. ಆದರೂ ನಡೆಯುತ್ತಿರುವ ಕೆಲಸ ಕೆಡಬಾರದು. ಸಮಸ್ಯೆಯ ತಿರುಳು ಅಂದಿಗೂ ಇಂದಿಗೂ ಇದೇ ಆಗಿದೆ.

ಕರೆ ಬಂದಾಗ ನಡೆಯುವ ಕ್ರಮವನ್ನು ಸಂಕ್ಷೇಪವಾಗಿ ಹೀಗೆ ಹೇಳಬಹುದು. ಸಂಸ್ಕಾರಕವು ಕೈಯಲ್ಲಿರುವ ಆದೇಶವನ್ನು ಮುಗಿಸುತ್ತದೆ. ತಾನು ಎಲ್ಲಿದ್ದೆ, ಯಾವ ಸ್ಥಿತಿಯಲ್ಲಿದ್ದೆ ಎಂಬುದನ್ನು ಸ್ಮೃತಿಯಲ್ಲಿ ಬರೆದಿಡುತ್ತದೆ. ಕರೆಯ ಸಂಖ್ಯೆಯನ್ನು ಹಿಡಿದು ಒಂದು ಕೋಷ್ಟಕವನ್ನು ನೋಡುತ್ತದೆ. ಇಂಟೆಲ್ ಮಾದರಿಯ ಸಂಸ್ಕಾರಕಗಳಲ್ಲಿ ಈ ಕೋಷ್ಟಕಕ್ಕೆ 256 ಮನೆಗಳಿವೆ. ಮೊದಲ 32 ಸಂಸ್ಕಾರಕದ ಸ್ವಂತ ಬಳಕೆಗೆ ಮೀಸಲು. ಆ ಮನೆಯಲ್ಲಿ ಸೂಚಿಸಿರುವ ವಿಳಾಸದ ಮೂಲಕ ಕಾರ್ಯಾಚರಣ ವ್ಯವಸ್ಥೆಯ ಒಳತಿರುಳಾದ ಕರ್ನೆಲ್‌ಗೆ, ಅಲ್ಲಿಂದ ಸಂಬಂಧಪಟ್ಟ ಡ್ರೈವರ್‌ನ ನಿರ್ವಾಹಕ ಭಾಗಕ್ಕೆ ಅಧಿಕಾರ ಹಸ್ತಾಂತರವಾಗುತ್ತದೆ. ಅದು ತನ್ನ ಕೆಲಸ ಮುಗಿಸಿದೊಡನೆ ಬರೆದಿಟ್ಟ ಸ್ಥಿತಿಯನ್ನು ಮರಳಿ ಪಡೆದು ಹಿಂದಿನ ಕೆಲಸ ಮುಂದುವರಿಯುತ್ತದೆ. ಹಿಂದಿನ ಕೆಲಸಕ್ಕೆ ತಾನು ನಿಂತಿದ್ದೆನೆಂಬುದೂ ತಿಳಿಯುವುದಿಲ್ಲ.

4. ಹಲವು ಕರೆಗಳು ಒಮ್ಮೆಗೇ ಬಂದಾಗ

ಬರೆಯುತ್ತಿರುವವರ ಯಂತ್ರದಲ್ಲಿ ಕೀಲಿಮಣೆಯೊಂದೇ ಇರುವುದಿಲ್ಲ. ಗಡಿಯಾರ, ಮೌಸ್, ಡಿಸ್ಕ್, ಜಾಲಸಂಪರ್ಕದ ಕಾರ್ಡ್, ಧ್ವನಿ ಕಾರ್ಡ್ ಎಲ್ಲವೂ ಕರೆಯುತ್ತವೆ. ಈ ಪರಿಸ್ಥಿತಿಯನ್ನು ಗ್ರಹಿಸಲು ಹುಬ್ಬಳ್ಳಿಯ ರೈಲು ಜಂಕ್ಷನ್ ಒಂದು ಸಮೀಪದ ಹೋಲಿಕೆ. ಧಾರವಾಡ, ಗದಗ ಹಾಗೂ ಹಾವೇರಿ ದಿಕ್ಕುಗಳಿಂದ ಹಳಿಗಳು ಅಲ್ಲಿ ಕೂಡುತ್ತವೆ. ಸಾಂಪ್ರದಾಯಿಕ ಬ್ಲಾಕ್ ಪದ್ಧತಿಯಲ್ಲಿ ಪಕ್ಕದ ನಿಲ್ದಾಣದಿಂದ ಗಂಟೆಯ ಸಂಕೇತ ಬಂದಾಗ ಸ್ಟೇಷನ್ ಮಾಸ್ತರರು ಮೊದಲು ಅದಕ್ಕೆ ಮರುಸಂಕೇತ ನೀಡುತ್ತಾರೆ, ರಿಜಿಸ್ಟರಿನಲ್ಲಿ ಸಮಯ ಸಹಿತ ನಮೂದಿಸುತ್ತಾರೆ. ಗಾಡಿಯ ಸಾಮಾನು ಇಳಿಸುವುದು, ಬೋಗಿ ಜೋಡಿಸುವುದು ಮೊದಲಾದ ಕೆಲಸಗಳು ಆಮೇಲಿನವು. ಅವನ್ನು ಮಾಡುವವರೂ ಬೇರೆ. ಗಂಟೆ ಬಾರಿಸಿದ ಪ್ರತಿ ಸಲವೂ ಮಾಸ್ತರರೇ ಎದ್ದುಹೋಗಿ ಸಾಮಾನು ಇಳಿಸತೊಡಗಿದರೆ ಉಳಿದೆರಡು ದಿಕ್ಕುಗಳ ಗಂಟೆಗೆ ಉತ್ತರಿಸುವವರೇ ಇರುವುದಿಲ್ಲ.

ಗಣಕಯಂತ್ರದಲ್ಲಿ ಕರೆಗಳ ಮೊದಲ ದಾಖಲಾತಿ ನಡೆಯುವುದು ಇಂಟರಪ್ಟ್ ನಿಯಂತ್ರಕ ಎಂಬ ಚಿಪ್‌ನಲ್ಲಿ. 1981ರ ಐಬಿಎಂ ಪಿಸಿಯಲ್ಲಿ ಎಂಟು ತಂತಿಗಳ ಒಂದು ನಿಯಂತ್ರಕವಿತ್ತು. 1984ರ ಪಿಸಿ ಎಟಿ ಮಾದರಿಯಲ್ಲಿ ಎರಡನೆಯ ನಿಯಂತ್ರಕವನ್ನು ಮೊದಲನೆಯದರ ಒಂದು ತಂತಿಗೆ ಜೋಡಿಸಿದ್ದರಿಂದ ಬಳಕೆಗೆ 15 ತಂತಿಗಳು ದೊರೆತವು. ಸೊನ್ನೆಯ ಸಂಖ್ಯೆಯದು ಗಡಿಯಾರಕ್ಕೆ, ಒಂದರದು ಕೀಲಿಮಣೆಗೆ. ಈ ಚಿಪ್‌ನಲ್ಲಿ ಮೂರು ದಾಖಲೆಗಳಿವೆ. ಯಾರು ಕರೆದಿದ್ದಾರೆ ಎಂಬುದು ಮೊದಲನೆಯದು. ಯಾರ ಸೇವೆ ಈಗ ನಡೆಯುತ್ತಿದೆ ಎಂಬುದು ಎರಡನೆಯದು. ಯಾರ ಕರೆಗೆ ಸದ್ಯ ಕಿವಿಗೊಡಬಾರದು ಎಂಬುದು ಮೂರನೆಯದು. ಎರಡು ಕರೆಗಳು ಒಮ್ಮೆಗೇ ಬಂದರೆ ಆದ್ಯತೆ ಹೆಚ್ಚಿರುವುದು ಮೊದಲು ಸಂಸ್ಕಾರಕವನ್ನು ತಲುಪುತ್ತದೆ. ಇನ್ನೊಂದು ಕಳೆದುಹೋಗುವುದಿಲ್ಲ; ಮೊದಲ ದಾಖಲೆಯಲ್ಲಿ ಉಳಿದು ಸರದಿ ಕಾಯುತ್ತದೆ. ಕೀಲಿಮಣೆಗೆ ಗಡಿಯಾರದ ನಂತರದ ಆದ್ಯತೆ ದೊರೆತಿತ್ತು ಎಂಬುದು ಇಲ್ಲಿ ಗಮನಾರ್ಹ.

ಆದರೆ ಈ ದಾಖಲೆಗೆ ಒಂದು ಮಿತಿಯಿದೆ. ಪ್ರತಿ ತಂತಿಗೆ ಅದರಲ್ಲಿರುವುದು ಒಂದೇ ಬಿಟ್. ಕರೆ ಬಂದಿದೆ ಎಂದು ಅದು ಹೇಳಬಲ್ಲುದೇ ಹೊರತು ಎಷ್ಟು ಸಲ ಬಂದಿದೆ ಎಂದು ಹೇಳಲಾರದು. ಒಂದು ಕರೆ ಕಾಯುತ್ತಿರುವಾಗಲೇ ಅದೇ ತಂತಿಯಲ್ಲಿ ಇನ್ನೊಂದು ಬಂದರೆ ಎರಡೂ ಒಂದಾಗಿ ತೋರುತ್ತವೆ. ಬಾಗಿಲು ಬಡಿದ ಸದ್ದು ಕೇಳಿ ಹೊರಗೆ ಒಬ್ಬರೇ ಇದ್ದಾರೆಂದು ತಿಳಿಯುವುದು ಹೇಗೆ ತಪ್ಪಾದೀತೋ ಹಾಗೆಯೇ ಒಂದು ಇಂಟರಪ್ಟ್‌ಗೆ ಒಂದೇ ಕೆಲಸವೆಂದು ಡ್ರೈವರ್ ಭಾವಿಸುವುದೂ ತಪ್ಪು. ಆದುದರಿಂದ ಜಾಲಸಂಪರ್ಕದ ಕಾರ್ಡಿನಂತಹ ಸಾಧನಗಳ ಡ್ರೈವರ್‌ಗಳು ಒಂದು ಕರೆಗೆ ಉತ್ತರವಾಗಿ ಸಾಧನದ ಸ್ಥಿತಿಯನ್ನು ನೋಡಿ, ಅಲ್ಲಿ ಸಂಗ್ರಹವಾಗಿರುವುದೆಲ್ಲ ಬರಿದಾಗುವವರೆಗೆ ತೆಗೆದುಕೊಳ್ಳುವಂತೆ ರಚಿತವಾಗಿರುತ್ತವೆ. ಕೀಲಿಮಣೆಯ ವಿಷಯದಲ್ಲಿ ಏರ್ಪಾಡು ಬೇರೆ: ಮೊದಲ ಬೈಟನ್ನು ಓದುವವರೆಗೆ ನಿಯಂತ್ರಕವು ಮುಂದಿನದನ್ನು ತಡೆಹಿಡಿಯುತ್ತದೆ, ಅಷ್ಟರವರೆಗೆ ಅವು ಕೀಲಿಮಣೆಯೊಳಗಿನ ಒಂದು ಸಣ್ಣ ಸಂಗ್ರಹದಲ್ಲಿ ಸಾಲಾಗಿ ನಿಲ್ಲುತ್ತವೆ. ಪಿಸಿ ಎಟಿ ಕೀಲಿಮಣೆಯ ಆ ಸಂಗ್ರಹದ ಅಳತೆ 16 ಬೈಟ್‌ಗಳು. ಕೀಲಿಮಣೆಯ ಸ್ವಂತ ಸಂಕೇತಕ್ರಮದಲ್ಲಿ ಈ ಕೀಲಿಗಳ ಒತ್ತುವಿಕೆಗೆ ಒಂದು, ಬಿಡುವಿಕೆಗೆ ಎರಡು ಬೈಟ್‌ಗಳು ಬೇಕಾಗುವುದರಿಂದ 'ಹುಬ್ಬಳ್ಳಿ' ಪದಕ್ಕೆ 33 ಬೈಟ್‌ಗಳಾಗುತ್ತವೆ. ಅಂದರೆ ಈ ಒಂದು ಪದದ ಅರ್ಧದಷ್ಟೂ ಆ ಸಂಗ್ರಹದಲ್ಲಿ ಹಿಡಿಯದು. ಸಂಗ್ರಹವಿರುವುದು ಅಲ್ಪ ವಿಳಂಬವನ್ನು ತಾಳಿಕೊಳ್ಳಲು ಮಾತ್ರ.

5. ಮುಂಗೆಲಸ ಮತ್ತು ಹಿಂಗೆಲಸ

ಒಂದು ಡ್ರೈವರ್ ತನ್ನ ಕರೆಯನ್ನು ನಿರ್ವಹಿಸುತ್ತಿರುವಾಗ ಇನ್ನೊಂದು ಕರೆ ಬಂದರೆ ಏನು ಮಾಡಬೇಕು? ಹೆಚ್ಚಿನ ಆದ್ಯತೆಯ ಕರೆಗೆ ಅವಕಾಶ ನೀಡಿ, ಒಂದರೊಳಗೊಂದು ನಿರ್ವಾಹಕಗಳು ನಡೆಯಲು ಬಿಡುವುದು ಒಂದು ಕ್ರಮ. ಆದರೆ ಪ್ರತಿ ಮಟ್ಟದಲ್ಲಿಯೂ ಸ್ಥಿತಿಯನ್ನು ಬರೆದಿಡಲು ಜಾಗ ಬೇಕು. ಮಟ್ಟಗಳು ಹೆಚ್ಚಿದಂತೆ ಕರ್ನೆಲ್‌ನ ಮಿತವಾದ ಜಾಗ ತುಂಬಿಹೋಗುವ ಅಪಾಯವಿದೆ. ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯು 2010ರಿಂದ ಈ ಕ್ರಮವನ್ನು ಕೈಬಿಟ್ಟಿದೆ. ಒಂದು ನಿರ್ವಾಹಕ ನಡೆಯುತ್ತಿರುವಷ್ಟು ಹೊತ್ತು ಆ ಸಂಸ್ಕಾರಕದಲ್ಲಿ ಉಳಿದ ಸಾಧನಗಳ ಕರೆಗಳೆಲ್ಲ ಕಾಯಬೇಕು.

ಈ ನಿರ್ಧಾರವು ಒಂದು ಹೊಣೆಯನ್ನು ಮುಂದಿಡುತ್ತದೆ. ಎಲ್ಲರೂ ಕಾಯುತ್ತಿರುವುದರಿಂದ ಒಳಗಿರುವವನು ಬೇಗ ಹೊರಬರಬೇಕು. ಆದುದರಿಂದ ಡ್ರೈವರ್‌ನ ಕೆಲಸವನ್ನು ಎರಡಾಗಿ ಒಡೆಯಲಾಗುತ್ತದೆ. ಇಂಗ್ಲಿಷಿನಲ್ಲಿ ಇವಕ್ಕೆ 'ಮೇಲಿನ ಅರ್ಧ', 'ಕೆಳಗಿನ ಅರ್ಧ' ಎಂಬರ್ಥದ ಹೆಸರುಗಳಿವೆ. ಕಾಲಾನುಕ್ರಮವನ್ನು ಸೂಚಿಸುವ 'ಮುಂಗೆಲಸ', 'ಹಿಂಗೆಲಸ' ಎಂಬ ಪದಗಳನ್ನು ಇಲ್ಲಿ ಬಳಸಲಾಗಿದೆ. ತಡಮಾಡಿದರೆ ಕಳೆದುಹೋಗುವಂಥದ್ದು ಮುಂಗೆಲಸಕ್ಕೆ ಸೇರುತ್ತದೆ: ಸಾಧನದಿಂದ ಬೈಟನ್ನು ಓದುವುದು, ಕರೆ ತಲುಪಿತೆಂದು ತಿಳಿಸುವುದು, ಓದಿದ್ದನ್ನು ಸರದಿಯಲ್ಲಿ ಇಡುವುದು. ತಡವಾದರೂ ನಡೆಯುವಂಥದ್ದು ಹಿಂಗೆಲಸ: ಅರ್ಥೈಸುವುದು, ವಿಂಗಡಿಸುವುದು, ಬೇಕಾದವರಿಗೆ ತಲುಪಿಸುವುದು. ಹಿಂಗೆಲಸ ನಡೆಯುವಾಗ ಹೊಸ ಕರೆಗಳಿಗೆ ಬಾಗಿಲು ತೆರೆದಿರುತ್ತದೆ. 2009ರ ಲಿನಕ್ಸ್ ಆವೃತ್ತಿಯಿಂದ ನಿರ್ವಾಹಕದ ಬಹುಭಾಗವನ್ನು ಒಂದು ಸ್ವತಂತ್ರ ಎಳೆಯಾಗಿ, ಇತರ ಕೆಲಸಗಳಂತೆಯೇ ಸರದಿಗೆ ಒಳಪಡಿಸುವ ಸೌಲಭ್ಯವೂ ಬಂದಿತು.

ಕೀಲಿಮಣೆಯ ಡ್ರೈವರ್‌ಗೆ ಕನ್ನಡ ತಿಳಿಯದು ಎಂಬುದನ್ನು ಈ ಸಂದರ್ಭದಲ್ಲಿ ಒತ್ತಿ ಹೇಳಬೇಕಾಗಿದೆ. ಎಲ್ ಎಂಬ ಹೆಸರಿನ ಕೀಲಿ ಒತ್ತಲ್ಪಟ್ಟಿದೆ, ಶಿಫ್ಟ್ ಕೀಲಿ ಬಿಡಲ್ಪಟ್ಟಿದೆ ಎಂಬಷ್ಟನ್ನೇ ಅದು ಮೇಲಕ್ಕೆ ತಿಳಿಸುತ್ತದೆ. ಆ ಕೀಲಿ 'ಳ' ಆಗುವುದು ಕೀಲಿಮಣೆ ವಿನ್ಯಾಸದ ಹಂತದಲ್ಲಿ; ಲಿನಕ್ಸ್‌ನಲ್ಲಿ ಕೆ.ಪಿ. ರಾವ್ ವಿನ್ಯಾಸವನ್ನು ಅನುಸರಿಸುವ 'ಕಗಪ' ಎಂಬ ವಿನ್ಯಾಸ ಲಭ್ಯವಿದೆ. 'ಳ', ಹಲಂತ, 'ಳ', ಇಕಾರ ಎಂಬ ನಾಲ್ಕು ಸಂಕೇತಗಳು 'ಳ್ಳಿ' ಎಂಬ ಆಕೃತಿಯಾಗುವುದು ಅದಕ್ಕೂ ಮೇಲೆ, ಅಕ್ಷರಜೋಡಣೆಯ ತಂತ್ರಾಂಶ ಹಾಗೂ ಫಾಂಟ್‌ನ ಹಂತದಲ್ಲಿ. ಒತ್ತಕ್ಷರವನ್ನು ಕೂಡಿಸುವ ಸಂಕೀರ್ಣ ಕಾರ್ಯವೆಲ್ಲ ಡ್ರೈವರ್‌ನಿಂದ ದೂರ, ಅವಸರವಿಲ್ಲದ ಕಡೆ ನಡೆಯುತ್ತದೆ. ಕೆಳಗಿನ ಹಂತವು ಭಾಷೆಯನ್ನು ಅರಿಯದಿರುವುದು ಕೊರತೆಯಲ್ಲ. ಅದು ಅರ್ಥದ ಗೊಡವೆಗೆ ಹೋಗದೆ ಅನುಕ್ರಮವನ್ನು ಕಾಯುವುದರಿಂದಲೇ ಯಾವ ಭಾಷೆಯೂ ಅದರ ಮೇಲೆ ನಿಲ್ಲಬಲ್ಲುದು.

ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಯುಎಸ್‌ಬಿ ಕೀಲಿಮಣೆಯಲ್ಲಿ ಚಿತ್ರ ತುಸು ಬೇರೆಯಾಗಿದೆ. ಅದು ನೇರವಾಗಿ ಸಂಸ್ಕಾರಕವನ್ನು ಕರೆಯುವುದಿಲ್ಲ. ಯುಎಸ್‌ಬಿ ನಿಯಂತ್ರಕವು ಕೆಲವು ಮಿಲಿಸೆಕೆಂಡುಗಳಿಗೊಮ್ಮೆ ಕೀಲಿಮಣೆಯನ್ನು ವಿಚಾರಿಸಿ, ಹೇಳಬೇಕಾದದ್ದು ಇದ್ದಾಗ ಮಾತ್ರ ಸಂಸ್ಕಾರಕವನ್ನು ಕರೆಯುತ್ತದೆ. ಸರಳ ರೂಪದಲ್ಲಿ ಕೀಲಿಮಣೆಯ ವರದಿ ಎಂಟು ಬೈಟ್‌ಗಳದ್ದು. ಮೊದಲ ಬೈಟ್ ಶಿಫ್ಟ್‌ನಂತಹ ಕೀಲಿಗಳಿಗೆ ಮೀಸಲು. ಹಿಂದಿನ ವರದಿಯನ್ನು ಈಗಿನದರೊಡನೆ ಹೋಲಿಸಿ ಯಾವ ಕೀಲಿ ಒತ್ತಲ್ಪಟ್ಟಿತು, ಯಾವುದು ಬಿಡಲ್ಪಟ್ಟಿತು ಎಂಬುದನ್ನು ಡ್ರೈವರ್ ಊಹಿಸಿ ತಿಳಿಯುತ್ತದೆ. ವಿಚಾರಣೆ ಮತ್ತು ಕರೆ ಎಂಬ ಎರಡು ದಾರಿಗಳೂ ಇಲ್ಲಿ ಒಂದೇ ಏರ್ಪಾಡಿನೊಳಗೆ ಕೂಡಿಕೊಂಡಿವೆ.

6. ಹಂಚಿಕೊಂಡ ತಂತಿ ಮತ್ತು ನಿರಾಕರಣೆಯ ಸತ್ಯ

ಸಾಧನಗಳು ಹೆಚ್ಚಿ ತಂತಿಗಳು ಸಾಲದಾದಾಗ ಹಲವು ಸಾಧನಗಳು ಒಂದೇ ತಂತಿಯನ್ನು ಹಂಚಿಕೊಳ್ಳುವ ಕ್ರಮ ರೂಢಿಗೆ ಬಂದಿತು. ಪಿಸಿಐ ಎಂಬ ಜೋಡಣಾ ಪದ್ಧತಿಯಲ್ಲಿ ಇದು ಸಾಮಾನ್ಯ. ಅಂತಹ ತಂತಿಯಲ್ಲಿ ಕರೆ ಬಂದಾಗ ಕರೆದವರಾರೆಂದು ಕರ್ನೆಲ್‌ಗೆ ತಿಳಿಯದು. ಅದು ಆ ತಂತಿಗೆ ಹೆಸರು ನೋಂದಾಯಿಸಿದ ಡ್ರೈವರ್‌ಗಳನ್ನು ಒಂದೊಂದಾಗಿ ಎಬ್ಬಿಸುತ್ತದೆ. ಪ್ರತಿ ಡ್ರೈವರ್ ತನ್ನ ಸಾಧನವನ್ನು ನೋಡಿ, ಕರೆ ತನ್ನದಾದರೆ ನಿರ್ವಹಿಸಿ 'ನನ್ನದು' ಎಂದೂ, ಅಲ್ಲವಾದರೆ 'ನನ್ನದಲ್ಲ' ಎಂದೂ ಉತ್ತರಿಸಬೇಕು.

ಈ ಉತ್ತರ ಸತ್ಯವಾಗಿರಬೇಕೆಂಬುದು ವ್ಯವಸ್ಥೆಯ ಆಧಾರ. ಎಲ್ಲರೂ 'ನನ್ನದಲ್ಲ' ಎಂದ ಕರೆಗಳನ್ನು ಲಿನಕ್ಸ್ ಲೆಕ್ಕವಿಡುತ್ತದೆ. ಒಂದು ತಂತಿಯ 1,00,000 ಕರೆಗಳಲ್ಲಿ 99,900ಕ್ಕೂ ಹೆಚ್ಚು ಯಾರಿಗೂ ಸೇರದವಾದರೆ ಅದು 'ಯಾರೂ ಗಮನಿಸಲಿಲ್ಲ' ಎಂಬರ್ಥದ ಸಂದೇಶವನ್ನು ದಾಖಲಿಸಿ ಆ ತಂತಿಯನ್ನೇ ಮುಚ್ಚುತ್ತದೆ. ಆಗ ತಪ್ಪು ಮಾಡಿದ ಸಾಧನದೊಡನೆ ಅದೇ ತಂತಿಯಲ್ಲಿರುವ ನಿರಪರಾಧಿ ಸಾಧನಗಳೂ ಬಾಧೆಗೊಳಗಾಗುತ್ತವೆ. ಇದಕ್ಕಿಂತ ಕಷ್ಟದ್ದು ತನ್ನದಲ್ಲದ ಕರೆಯನ್ನು 'ನನ್ನದು' ಎನ್ನುವ ಡ್ರೈವರ್. ನಿಜವಾಗಿ ಕರೆದ ಸಾಧನದ ಬೇಡಿಕೆ ತೀರದೆ ತಂತಿ ಎದ್ದೇ ಇರುತ್ತದೆ, ಕರೆ ಮರಳಿ ಮರಳಿ ಬರುತ್ತದೆ. ಲೆಕ್ಕದಲ್ಲಿ ಮಾತ್ರ ಎಲ್ಲವೂ ನಿರ್ವಹಣೆಯಾದಂತೆ ಕಾಣುತ್ತದೆ. ಸುಳ್ಳು ಒಪ್ಪಿಗೆಯು ಸತ್ಯವಾದ ನಿರಾಕರಣೆಗಿಂತ ಹೆಚ್ಚು ಹಾನಿಕರ.

ಈ ತೊಡಕಿಗೆ ಮುಂದೆ ದೊರೆತ ಪರಿಹಾರ ತಂತಿಯನ್ನೇ ತೊರೆಯುವುದಾಗಿತ್ತು. ಸಾಧನವು ಒಂದು ನಿಗದಿತ ವಿಳಾಸಕ್ಕೆ ಸಣ್ಣ ಸಂದೇಶವೊಂದನ್ನು ಬರೆಯುತ್ತದೆ. ಆ ಸಂದೇಶವೇ ಇಂಟರಪ್ಟ್. ಇದರ ಮೊದಲ ರೂಪದಲ್ಲಿ ಒಂದು ಸಾಧನಕ್ಕೆ 32ರವರೆಗೂ, ವಿಸ್ತೃತ ರೂಪದಲ್ಲಿ 2048ರವರೆಗೂ ಪ್ರತ್ಯೇಕ ಕರೆಗಳು ಸಾಧ್ಯ. ಹಲವು ಸಂಸ್ಕಾರಕಗಳಿರುವ ಯಂತ್ರದಲ್ಲಿ ಬೇರೆ ಬೇರೆ ಕರೆಗಳನ್ನು ಬೇರೆ ಬೇರೆ ಸಂಸ್ಕಾರಕಗಳಿಗೆ ಹಂಚಲೂ ಇದರಿಂದ ಸಾಧ್ಯವಾಯಿತು.

7. ಬೀಗದ ಶಿಸ್ತು

ಮುಂಗೆಲಸವು ಬೈಟನ್ನು ಸರದಿಗೆ ಸೇರಿಸುತ್ತದೆ, ಹಿಂಗೆಲಸವು ಅದೇ ಸರದಿಯಿಂದ ತೆಗೆಯುತ್ತದೆ. ಇಬ್ಬರೂ ಒಮ್ಮೆಗೇ ಕೈಯಿಟ್ಟರೆ ಸರದಿ ಕೆಡುತ್ತದೆ. ಅದಕ್ಕಾಗಿ ಬೀಗದ ಏರ್ಪಾಡಿದೆ: ಬೀಗ ಪಡೆದವರು ಮಾತ್ರ ಸರದಿಯನ್ನು ಮುಟ್ಟಬಹುದು, ಉಳಿದವರು ಕಾಯಬೇಕು. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಹಿಂಗೆಲಸವು ಬೀಗ ಪಡೆದಿರುವಾಗಲೇ ಅದೇ ಸಂಸ್ಕಾರಕಕ್ಕೆ ಕರೆ ಬಂದಿತೆನ್ನೋಣ. ಹಿಂಗೆಲಸ ನಿಲ್ಲುತ್ತದೆ, ಮುಂಗೆಲಸ ಆರಂಭವಾಗಿ ಬೀಗಕ್ಕಾಗಿ ಕಾಯುತ್ತದೆ. ಬೀಗ ಬಿಡಬೇಕಾದ ಹಿಂಗೆಲಸ ನಿಂತಿದೆ. ಅದು ಮುಂದುವರಿಯಲು ಮುಂಗೆಲಸ ಮುಗಿಯಬೇಕು. ಮುಂಗೆಲಸ ಮುಗಿಯಲು ಬೀಗ ಬೇಕು. ಯಂತ್ರ ಅಲ್ಲಿಯೇ ಸ್ತಬ್ಧವಾಗುತ್ತದೆ.

ಇದರ ಪರಿಹಾರ ಸರಳವಾದರೂ ಕಟ್ಟುನಿಟ್ಟಿನದು. ಇಂಟರಪ್ಟ್ ನಿರ್ವಾಹಕದೊಡನೆ ಹಂಚಿಕೊಂಡ ಬೀಗವನ್ನು ಪಡೆಯುವ ಮೊದಲು ಆ ಸಂಸ್ಕಾರಕದಲ್ಲಿ ಕರೆಗಳನ್ನು ತಡೆಯಬೇಕು. ಬೀಗ ಬಿಟ್ಟೊಡನೆ ಮೊದಲಿನ ಸ್ಥಿತಿಗೆ ಮರಳಿಸಬೇಕು. ನಡುವಿನ ಕೆಲಸ ಅತ್ಯಲ್ಪವಾಗಿರಬೇಕು. ನಿರ್ವಾಹಕವು ಎಂದಿಗೂ ನಿದ್ರಿಸಕೂಡದು, ಅಂದರೆ ಡಿಸ್ಕ್‌ನಿಂದ ಉತ್ತರ ಬರಲೆಂದು ಕಾಯುತ್ತ ಕೂಡಬಾರದು ಎಂಬ ನಿಯಮವೂ ಇದೇ ಶಿಸ್ತಿನ ಭಾಗ.

8. ಕರೆಗಳ ಮಹಾಪೂರ

ಕೀಲಿಮಣೆಯ ಕರೆಗಳಿಗೆ ಮನುಷ್ಯನ ಬೆರಳುಗಳ ವೇಗದ ಮಿತಿಯಿದೆ. ಜಾಲಸಂಪರ್ಕಕ್ಕೆ ಅಂತಹ ಮಿತಿಯಿಲ್ಲ. ಸೆಕೆಂಡಿಗೆ ಒಂದು ಗಿಗಾಬಿಟ್ ಸಾಮರ್ಥ್ಯದ ಈಥರ್ನೆಟ್‌ನಲ್ಲಿ ಅತಿ ಚಿಕ್ಕ ಗಾತ್ರದ ಚೌಕಟ್ಟುಗಳು ಸೆಕೆಂಡಿಗೆ ಸುಮಾರು 14.88 ಲಕ್ಷದವರೆಗೆ ಬರಬಲ್ಲವು. ಒಂದೊಂದಕ್ಕೂ ಒಂದು ಕರೆಯೆಂದರೆ ಎರಡು ಕರೆಗಳ ನಡುವಿನ ಅಂತರ ಒಂದು ಮೈಕ್ರೋಸೆಕೆಂಡಿಗಿಂತಲೂ ಕಡಿಮೆ. ಆಗ ಸಂಸ್ಕಾರಕದ ಕಾಲವೆಲ್ಲ ಮುಂಗೆಲಸದಲ್ಲಿಯೇ ಕಳೆದು, ಪಡೆದದ್ದನ್ನು ಬಳಸುವ ಹಿಂಗೆಲಸಕ್ಕೆ ಅವಕಾಶವೇ ಸಿಗುವುದಿಲ್ಲ. ಸರದಿ ತುಂಬಿ, ಕಷ್ಟಪಟ್ಟು ಸ್ವೀಕರಿಸಿದ್ದನ್ನು ಬಿಸುಡಬೇಕಾಗುತ್ತದೆ. ಯಂತ್ರ ಸ್ತಬ್ಧವಾಗಿಲ್ಲ, ಎಡೆಬಿಡದೆ ದುಡಿಯುತ್ತಿದೆ. ಆದರೆ ಫಲವೇನೂ ಇಲ್ಲ. ಈ ಸ್ಥಿತಿಯನ್ನು ವಿಶ್ಲೇಷಿಸಿ ಪರಿಹಾರ ಸೂಚಿಸಿದ ಪ್ರಸಿದ್ಧ ಸಂಶೋಧನ ಪ್ರಬಂಧವನ್ನು 1996ರಲ್ಲಿ ಜೆಫ್ರಿ ಮೊಗಲ್ ಹಾಗೂ ಕೆ.ಕೆ. ರಾಮಕೃಷ್ಣನ್ ಅವರು ಮಂಡಿಸಿದರು. ಇವರಲ್ಲಿ ರಾಮಕೃಷ್ಣನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಭ್ಯಾಸ ಮಾಡಿದವರು.

ಪರಿಹಾರದ ತಿರುಳು ಹೀಗಿದೆ. ಮೊದಲ ಕರೆ ಬಂದೊಡನೆ ಡ್ರೈವರ್ ಆ ಸಾಧನಕ್ಕೆ ಇನ್ನು ಕರೆಯಬೇಡವೆಂದು ಸೂಚಿಸುತ್ತದೆ. ಅನಂತರ ತನ್ನ ಸರದಿಯಲ್ಲಿ ತಾನೇ ಹೋಗಿ, ಒಂದು ಸಲಕ್ಕೆ ಇಂತಿಷ್ಟು ಎಂಬ ಮಿತಿಯೊಳಗೆ ಸಂಗ್ರಹವನ್ನು ತೆಗೆದುಕೊಳ್ಳುತ್ತದೆ. ಸಂಗ್ರಹ ಬರಿದಾದಾಗ ಮಾತ್ರ ಮತ್ತೆ ಕರೆಯಲು ಅನುಮತಿ ನೀಡುತ್ತದೆ. ಲಿನಕ್ಸ್‌ನಲ್ಲಿ 'ನಾಪಿ' ಎಂಬ ಹೆಸರಿನಿಂದ 2000ದ ದಶಕದ ಆರಂಭದಿಂದ ಬಳಕೆಯಲ್ಲಿರುವ ಈ ವಿಧಾನದಲ್ಲಿ ಒಂದು ಸುತ್ತಿನ ರೂಢಿಯ ಮಿತಿ 64. ಕರೆಗಳು ವಿರಳವಾಗಿದ್ದಾಗ ಇಂಟರಪ್ಟ್, ದಟ್ಟವಾದಾಗ ವಿಚಾರಣೆ. ಮಿತಿಯನ್ನು ವಿಧಿಸಿರುವುದರಿಂದ ಜಾಲದ ಪ್ರವಾಹ ಎಷ್ಟೇ ಇದ್ದರೂ ನಡುನಡುವೆ ಇತರರಿಗೆ ಸರದಿ ದೊರೆಯುತ್ತದೆ. ದೊಡ್ಡ ಕಡತವೊಂದು ಇಳಿಯುತ್ತಿರುವಾಗಲೂ 'ಹುಬ್ಬಳ್ಳಿ'ಯ 22 ಘಟನೆಗಳು ಅನುಕ್ರಮ ತಪ್ಪದೆ ತಲುಪುವುದರ ಹಿಂದೆ ಈ ಮಿತಿಗಳ ಪಾಲಿದೆ.

9. ಪರಿಭಾಷೆಯ ಪ್ರಶ್ನೆ

ಇಂಟರಪ್ಟ್ ಎಂಬುದನ್ನು ಕನ್ನಡಕ್ಕೆ ತರುವಾಗ 'ಅಡ್ಡಿ', 'ಅಡಚಣೆ' ಎಂಬ ಪದಗಳು ಸಹಜವಾಗಿ ನೆನಪಿಗೆ ಬರುತ್ತವೆ. ಮೂಲಪದದ ನಿಘಂಟಿನ ಅರ್ಥಕ್ಕೆ ಇವು ಹತ್ತಿರವೂ ಹೌದು. ಆದರೆ ಮೇಲಿನ ವಿವೇಚನೆಯ ಬೆಳಕಿನಲ್ಲಿ ನೋಡಿದರೆ ಇವು ಕಲಿಯುವವರನ್ನು ದಾರಿತಪ್ಪಿಸುತ್ತವೆ. ಅಡಚಣೆಯನ್ನು ನಿವಾರಿಸಬೇಕು ಎಂಬುದು ಕನ್ನಡದ ರೂಢಿ. ಇಂಟರಪ್ಟ್‌ಗಾದರೋ ಉತ್ತರ ಕೊಡಬೇಕು. ಅಡ್ಡಿ ಬಂದರೆ ಕೆಲಸ ಕೆಡುತ್ತದೆ. ಇಂಟರಪ್ಟ್ ಇರುವುದರಿಂದಲೇ ಸಂಸ್ಕಾರಕವು ಕಾಯುವ ಕೆಲಸದಿಂದ ಬಿಡುಗಡೆ ಪಡೆದು ಬೇರೆ ಕೆಲಸ ಮಾಡಬಲ್ಲುದು. ಈ ದೃಷ್ಟಿಯಿಂದ 'ಕರೆ' ಎಂಬ ದೇಸಿ ಪದ ವಿವರಣೆಗೆ ಹೆಚ್ಚು ಒದಗಿಬರುತ್ತದೆ. ಕರೆಗೆ ಓಗೊಡಬಹುದು, ಕರೆಯನ್ನು ತಡೆಹಿಡಿಯಬಹುದು, ಕರೆ ನನ್ನದಲ್ಲ ಎನ್ನಬಹುದು. ಈ ಲೇಖನದ ಉದ್ದಕ್ಕೂ ಡ್ರೈವರ್‌ಗಳು ಮಾಡಿದ್ದು ಇವನ್ನೇ. ಆದರೆ ಗಣಕವಿಜ್ಞಾನದಲ್ಲಿ ತಂತ್ರಾಂಶವೇ ಕರ್ನೆಲ್ ಅನ್ನು ಕೋರುವ 'ಸಿಸ್ಟಂ ಕಾಲ್' ಎಂಬ ಇನ್ನೊಂದು ಕಲ್ಪನೆಯಿದೆ. 'ಕರೆ' ಎಂಬುದನ್ನೇ ಪಾರಿಭಾಷಿಕ ಪದವಾಗಿ ನಿಲ್ಲಿಸಿದರೆ ಎರಡೂ ಬೆರೆತುಹೋದಾವು. ಆದುದರಿಂದ ಹೆಸರಾಗಿ 'ಇಂಟರಪ್ಟ್' ಎಂಬ ಎರವಲು ಪದವನ್ನು ಉಳಿಸಿಕೊಂಡು, ವಿವರಣೆಯಲ್ಲಿ 'ಕರೆ' ಎಂಬುದರ ಸುತ್ತಲಿನ ಕ್ರಿಯಾಪದಗಳನ್ನು ಬಳಸುವುದು ಯುಕ್ತವೆನಿಸುತ್ತದೆ.

ಇದು ಕೇವಲ ಪದಾಯ್ಕೆಯ ಚರ್ಚೆಯಲ್ಲ. 2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಇಂಜಿನಿಯರಿಂಗ್ ಬೋಧನೆಗೆ ಅವಕಾಶ ನೀಡಿತು. ಅನುಮತಿ ದೊರೆತಾಕ್ಷಣ ಬೋಧನೆಗೆ ಬೇಕಾದ ಗದ್ಯ ಸಿದ್ಧವಾಗುವುದಿಲ್ಲ. ಹುಬ್ಬಳ್ಳಿ-ಧಾರವಾಡದ ಸ್ಥಿತಿ ಈ ಮಾತಿಗೆ ಪುಷ್ಟಿ ಕೊಡುತ್ತದೆ. ಕರ್ನಾಟಕ ವಿದ್ಯಾವರ್ಧಕ ಸಂಘ ಇಲ್ಲಿ 1890ರಲ್ಲಿ ಸ್ಥಾಪನೆಯಾಯಿತು, ಹುಬ್ಬಳ್ಳಿಯ ಬಿ.ವಿ.ಬಿ. ಇಂಜಿನಿಯರಿಂಗ್ ಕಾಲೇಜು 1947ರಲ್ಲಿಯೇ ಆರಂಭವಾಗಿ 2015ರಲ್ಲಿ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಯಿತು. 2016ರಲ್ಲಿ ಧಾರವಾಡಕ್ಕೆ ಐಐಟಿ ಬಂದಿತು. ಭಾಷೆಯ ಅಧ್ಯಯನವೂ ಯಂತ್ರದ ಅಧ್ಯಯನವೂ ಇಷ್ಟು ಸಮೀಪದಲ್ಲಿರುವ ಊರುಗಳಲ್ಲಿಯೂ ಒಂದರ ಗದ್ಯ ಇನ್ನೊಂದಕ್ಕೆ ಸಲ್ಲುವುದು ಅಪರೂಪ. ಕನ್ನಡದ ಬಹುತೇಕ ಬರವಣಿಗೆ ಇಂದು ಕೀಲಿಮಣೆಯ ಮೂಲಕವೇ ನಡೆಯುತ್ತಿರುವಾಗ ಆ ಕೀಲಿಯ ಕೆಳಗೆ ಏನಾಗುತ್ತಿದೆ ಎಂಬುದನ್ನು ಹೇಳುವ ಗದ್ಯವನ್ನು ರೂಪಿಸುವ ಹೊಣೆ ಕನ್ನಡ ಅಧ್ಯಯನಕ್ಕೂ ಸೇರಿದ್ದಾಗಿದೆ.

ಒಟ್ಟಿನಲ್ಲಿ, ಹಲವು ಇಂಟರಪ್ಟ್‌ಗಳ ನಿರ್ವಹಣೆಯೆಂಬುದು ವೇಗದ ಪ್ರಶ್ನೆಯಾಗಿರುವುದಕ್ಕಿಂತ ಹೆಚ್ಚಾಗಿ ವಿಭಜನೆಯ ಪ್ರಶ್ನೆಯಾಗಿದೆ. ಈಗಲೇ ಆಗಬೇಕಾದದ್ದು ಯಾವುದು, ಆಮೇಲೆ ಆದರೂ ನಡೆಯುವುದು ಯಾವುದು ಎಂಬುದನ್ನು ಬೇರ್ಪಡಿಸುವುದು. ತನ್ನದನ್ನು ಮಾತ್ರ ತನ್ನದೆನ್ನುವುದು. ಬೀಗವನ್ನು ಬೇಗ ಬಿಡುವುದು. ಪ್ರವಾಹ ಬಂದಾಗ ಮಿತಿಯನ್ನು ಪಾಲಿಸುವುದು. ಈ ನಾಲ್ಕು ನಿಯಮಗಳನ್ನು ಡ್ರೈವರ್‌ಗಳು ಪಾಲಿಸಿದಾಗ ಮಾತ್ರ ಒಂದು ಹಲಂತ, ಒಂದು ಶಿಫ್ಟ್, ಒಂದು ಇಕಾರ ತಮ್ಮ ತಮ್ಮ ಸ್ಥಾನದಲ್ಲಿ ಬಂದು ನಿಲ್ಲುತ್ತವೆ. 'ಹುಬ್ಬಳ್ಳಿ' ಎಂಬುದು ಪರದೆಯ ಮೇಲೆ ಹುಬ್ಬಳ್ಳಿಯಾಗಿಯೇ ಮೂಡುತ್ತದೆ.